ಮಂಟಪದ ಬಾವಲಿ, ಅದರ ಹೊಟ್ಟೆಯ ಚಪ್ಪಟೆ ಹುಳು, ನಮ್ಮ ಕುರಿ: ಹೊಗೆ ಹಾಕಬೇಕಾ ಬೇಡವಾ?

ಗದ್ದೆಮನೆ (ಗಂಗಾವತಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಜಮೀನು. ಹೊಲದ ಬದಿಗೆ ಒಂದು ಹಳೇ ಕಲ್ಲಿನ ಮಂಟಪ ಇದೆ. ಪೂಜೆ ಇಲ್ಲ, ಜನ ಇಲ್ಲ, ಬಾವಲಿ ಮಾತ್ರ ಇವೆ. ಮರಕ್ಕೆ ಜೋತು ಬೀಳುವ ದೊಡ್ಡ ಬಾವಲಿ ಅಲ್ಲ, ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣವು. ಕತ್ತಲಾದರೆ ಸಾಕು, ಗದ್ದೆ ಮೇಲೆ ಸುತ್ತು ಹಾಕುತ್ತವೆ. ಅವುಗಳ ಹಿಕ್ಕೆ ಗುಡಿಸಿ ತಂದು ಬದನೆ, ಮೆಣಸಿನ ಗಿಡಕ್ಕೆ ಹಾಕುವುದು ಅಪ್ಪನ ಕಾಲದಿಂದ ನಡೆದು ಬಂದಿದೆ.

ಅಣ್ಣನ ಮಗಳು ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ರಜೆಗೆ ಬಂದವಳು ಊಟಕ್ಕೆ ಕೂತಾಗ ಒಂದು ಮಾತು ಹೇಳಿದಳು. ಬಾವಲಿ ಕರುಳಿನಲ್ಲಿ ಚಪ್ಪಟೆ ಹುಳು ಇರುತ್ತವಂತೆ, ಫ್ಲೂಕ್ ಅಂತಾರಂತೆ, ಕುರಿಯ ಲಿವರ್ ಫ್ಲೂಕ್ ಕೂಡ ಅದೇ ಗುಂಪಿನದಂತೆ. ಪಕ್ಕದ ಹೊಲದ ಮಾವ ಅಲ್ಲೇ ಇದ್ದರು. ಅವರಿಗೆ ಅಷ್ಟೇ ಸಾಕಾಯಿತು. "ಅದಕ್ಕೇ ನಿಮ್ಮ ಕುರಿ ಸೊರಗಿರೋದು. ಮಂಟಪದೊಳಗೆ ಹಸಿ ಹುಲ್ಲು ತುಂಬಿ ಹೊಗೆ ಹಾಕೋಣ" ಅಂತ ಹಿಡಿದುಕೊಂಡಿದ್ದಾರೆ.

ನಮ್ಮ ಕೆಂಗುರಿಗಳಲ್ಲಿ ಕೆಲವು ಸೊರಗಿರುವುದು ನಿಜ. ದವಡೆ ಕೆಳಗೆ ನೀರು ತುಂಬಿದ ಹಾಗೆ ಊದಿದೆ. ಬಾವಲಿ ಹುಳು ಕುರಿಗೆ ಬರುತ್ತಾ? ನಮಗೆ ಬರುತ್ತಾ? ಹಿಕ್ಕೆ ಹಾಕಿದ ಬದನೆಕಾಯಿ ತಿಂದರೆ? ಗೊತ್ತಿದ್ದವರು ಹೇಳಿ.

ಕಾರಟಗಿಹುಡುಗ

ಅಣ್ಣಾ, ಬದನೆಕಾಯಿ ಎಣ್ಣೆಗಾಯಿ ಮಾಡಿದ ಮೇಲೆ ಅದರಲ್ಲಿ ಯಾವ ಹುಳು ಬದುಕುತ್ತದೆ? ಸುಮ್ನೆ ತಿನ್ನಿ.

ತಮಾಷೆ ಬಿಡಿ, ಕುರಿ ವಿಷಯ ತಡ ಮಾಡಬೇಡಿ. ದವಡೆ ಊದಿದ ಕುರಿ ನಮ್ಮಲ್ಲೂ ಸತ್ತಿವೆ.

ಕುರಿಡಾಕ್ಟರ್ (ಸಿಂಧನೂರು ಕಡೆ)

ಪಶುವೈದ್ಯ ನಾನು. ಮೊದಲು ಕುರಿ, ಆಮೇಲೆ ಬಾವಲಿ.

ಲಿವರ್ ಫ್ಲೂಕ್ ಬಾವಲಿಯಿಂದ ಬರುವುದಿಲ್ಲ. ನಮ್ಮ ಭಾಗದ್ದು ಫ್ಯಾಸಿಯೋಲಾ ಜೈಗ್ಯಾಂಟಿಕಾ. ಅದು ದನ, ಎಮ್ಮೆ, ಕುರಿ, ಮೇಕೆಯ ಪಿತ್ತನಾಳದಲ್ಲಿ ಇರುವ ಹುಳು. ಎಲೆ ಆಕಾರ, ಬೆರಳುದ್ದ ಬೆಳೆಯುತ್ತದೆ. ಅದರ ಮೊಟ್ಟೆ ಸಗಣಿ, ಹಿಕ್ಕೆ ಜೊತೆ ನೀರಿಗೆ ಬೀಳಬೇಕು. ಮೊಟ್ಟೆಯಿಂದ ಹೊರಬಂದ ಮರಿ ಲಿಮ್ನಿಯಾ ಜಾತಿಯ ಸಣ್ಣ ಬಸವನಹುಳುವಿನ ಮೈಯೊಳಗೆ ಹೊಕ್ಕಬೇಕು. ಅಲ್ಲಿ ಒಂದು ಹೋಗಿ ನೂರಾರು ಆಗುತ್ತವೆ. ಆಮೇಲೆ ಬಾಲ ಇರುವ ಮರಿಗಳಾಗಿ ಹೊರಬಂದು ನೀರಂಚಿನ ಹುಲ್ಲಿಗೆ, ಭತ್ತದ ಕೂಳೆಗೆ ಅಂಟಿಕೊಂಡು ಗಟ್ಟಿ ಕೋಶ ಕಟ್ಟಿಕೊಳ್ಳುತ್ತವೆ. ಕುರಿ ಆ ಹುಲ್ಲು ಮೇಯುತ್ತದೆ. ಕೋಶ ಕರುಳಿನಲ್ಲಿ ಒಡೆದು, ಮರಿ ಕರುಳಿನ ಗೋಡೆ ತೂರಿ, ಲಿವರ್ ಕೊರೆದುಕೊಂಡು ಪಿತ್ತನಾಳ ಸೇರುತ್ತದೆ.

ಈ ದಾರಿಯಲ್ಲಿ ಬಾವಲಿ ಎಲ್ಲಿದೆ? ಎಲ್ಲೂ ಇಲ್ಲ. ನಿಮ್ಮ ಕುರಿ ಕೊಯ್ಲಾದ ಗದ್ದೆಯಲ್ಲಿ, ಕಾಲುವೆ ಸೋರುವ ಜಾಗದಲ್ಲಿ ಮೇಯುತ್ತವಾ? ಹಾಗಿದ್ದರೆ ಅಲ್ಲಿ ಹುಡುಕಿ.

ಇನ್ನೊಂದು ಮಾತು. ದವಡೆ ಊದಿದ್ದೆಲ್ಲಾ ಫ್ಲೂಕ್ ಅಲ್ಲ. ಹೀಮಾಂಕಸ್ ಅನ್ನುವ ದುಂಡು ಹುಳು ಹೊಟ್ಟೆಯಲ್ಲಿ ರಕ್ತ ಹೀರಿದರೂ ಹೀಗೇ ಊದುತ್ತದೆ. ಎರಡಕ್ಕೂ ಔಷಧಿ ಬೇರೆ. ಅಂಗಡಿಯಲ್ಲಿ "ಜಂತಿನ ಔಷಧಿ ಕೊಡಿ" ಅಂತ ಕೇಳಿ ಸಿಕ್ಕಿದ್ದನ್ನು ಕುಡಿಸಬೇಡಿ. ಕುರಿಯ ತಾಜಾ ಹಿಕ್ಕೆ ಡಬ್ಬಿಯಲ್ಲಿ ಹಾಕಿ ಹತ್ತಿರದ ಪಶು ಆಸ್ಪತ್ರೆಗೆ ಕೊಡಿ.

ಗದ್ದೆಮನೆ

ಡಾಕ್ಟ್ರೇ, ಕೊಯ್ಲಾದ ಗದ್ದೆಯಲ್ಲೇ ಮೇಯಿಸುತ್ತೇವೆ. ಬೇರೆ ಎಲ್ಲಿದೆ ಜಾಗ? ನಾಳೆ ಹಿಕ್ಕೆ ಕೊಟ್ಟು ಬರುತ್ತೇನೆ. ಆದರೆ ಬಾವಲಿ ಹುಳು ಅಂದರೆ ಏನು ಅನ್ನುವುದು ಇನ್ನೂ ತಿಳಿಯಲಿಲ್ಲ. ಮಾವನಿಗೆ ಹೇಳಲು ನನಗೆ ಉತ್ತರ ಬೇಕು. ಅವರು ಸುಲಭಕ್ಕೆ ಬಿಡುವವರಲ್ಲ.

ಸ್ಲೈಡುಮೇಡಂ (ಬಳ್ಳಾರಿ)

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಅಣ್ಣನ ಮಗಳು ಹೇಳಿದ್ದು ಸರಿ. ಆದರೆ ಒಂದೇ ಗುಂಪು ಅಂದ ಮಾತ್ರಕ್ಕೆ ಒಂದೇ ಹುಳು ಅಲ್ಲ. ಹುಲಿ, ಬೆಕ್ಕು ಒಂದೇ ಕುಟುಂಬ, ಬೆಕ್ಕಿಗೆ ಹೆದರಿ ಯಾರೂ ಮರ ಹತ್ತುವುದಿಲ್ಲ ಅಲ್ವಾ?

ಬಾವಲಿಯಲ್ಲಿ ಸಿಗುವ ಚಪ್ಪಟೆ ಹುಳುಗಳಲ್ಲಿ ಎರಡು ಬಗೆ. ಒಂದು ಫ್ಲೂಕ್, ಇನ್ನೊಂದು ಲಾಡಿಹುಳು. ಕೀಟ ತಿನ್ನುವ ಸಣ್ಣ ಬಾವಲಿಗಳಲ್ಲಿ ಫ್ಲೂಕ್ ಜಾಸ್ತಿ. ಅದರಲ್ಲೂ ಲೆಸಿಥೊಡೆಂಡ್ರಿಡೇ ಅನ್ನುವ ಕುಟುಂಬದವು. ಹೆಸರು ಉದ್ದ, ಹುಳು ಮಾತ್ರ ಗಿಡ್ಡ. ಹೆಚ್ಚಿನವು 1 ಮಿ.ಮೀ. ಆಸುಪಾಸು. ಸಾಸಿವೆ ಕಾಳಿಗಿಂತ ಚಿಕ್ಕದು, ಮೈ ಮೊಟ್ಟೆ ಆಕಾರ. ಬಾಯಿ ಹತ್ತಿರ ಒಂದು ಹೀರುಬಟ್ಟಲು, ಹೊಟ್ಟೆ ಕಡೆ ಇನ್ನೊಂದು. ಅದರಿಂದ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಅಂಗ ಇರುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮೈತುಂಬ ಮೊಟ್ಟೆಯೇ ಕಾಣುತ್ತದೆ, ಹುಳು ಅನ್ನುವುದಕ್ಕಿಂತ ಮೊಟ್ಟೆ ಚೀಲ ಅನ್ನಬೇಕು.

ಪ್ಲಾಜಿಯಾರ್ಕಿಸ್ ಅಂತ ಇನ್ನೊಂದು ಇದೆ, ಸ್ವಲ್ಪ ದೊಡ್ಡದು. ಡೆನ್ಮಾರ್ಕಿನ ಮ್ಯುಲರ್ ಎಂಬ ವಿಜ್ಞಾನಿ 1780ರ ಹೊತ್ತಿಗೇ ಬಾವಲಿಯಲ್ಲಿ ಕಂಡ ಇಂಥ ಹುಳುವಿಗೆ ಹೆಸರಿಟ್ಟಿದ್ದ. ಈಗ ಅದರ ಪೂರ್ತಿ ಹೆಸರು ಪ್ಲಾಜಿಯಾರ್ಕಿಸ್ ವೆಸ್ಪರ್ಟಿಲಿಯೋನಿಸ್. ಅಂದರೆ ಇದು ಹೊಸ ರೋಗವೂ ಅಲ್ಲ, ನಿಮ್ಮ ಮಂಟಪಕ್ಕೆ ಮಾತ್ರ ಬಂದದ್ದೂ ಅಲ್ಲ.

ಇನ್ನು ಅದು ಬಾವಲಿ ಹೊಟ್ಟೆಗೆ ಹೇಗೆ ಹೋಗುತ್ತದೆ ಅನ್ನುವುದನ್ನು ನಿಮ್ಮ ಗದ್ದೆಯಿಂದಲೇ ಹೇಳುತ್ತೇನೆ.

ಬಾವಲಿ ನೀರಿನ ಮೇಲೆ ಹಾರುತ್ತಾ ಹಿಕ್ಕೆ ಹಾಕುತ್ತದೆ. ಅದರೊಳಗಿನ ಮೊಟ್ಟೆ ನೀರಿನ ಬಸವನಹುಳುವಿನ ಹೊಟ್ಟೆಗೆ ಹೋಗುತ್ತದೆ. ಅಲ್ಲಿ, ಡಾಕ್ಟರ್ ಹೇಳಿದ ಹಾಗೆಯೇ, ಒಂದು ಮೊಟ್ಟೆಯಿಂದ ರಾಶಿ ರಾಶಿ ಬಾಲದ ಮರಿಗಳು. ಇಲ್ಲಿಂದ ದಾರಿ ಬೇರೆ. ಕುರಿ ಫ್ಲೂಕಿನ ಮರಿ ಹುಲ್ಲು ಹಿಡಿಯುತ್ತದೆ, ಬಾವಲಿ ಫ್ಲೂಕಿನ ಮರಿ ಹುಳುಹುಪ್ಪಟೆ ಹುಡುಕುತ್ತದೆ. ಅದರ ಬಾಯಲ್ಲಿ ಒಂದು ಸೂಜಿ ಇರುತ್ತದೆ. ನೀರಿನಲ್ಲಿರುವ ಕೀಟದ ಮರಿಗಳ ಮೈಯನ್ನು ಅದರಿಂದ ಚುಚ್ಚಿ ಒಳಗೆ ಹೊಕ್ಕು ಕೋಶ ಕಟ್ಟಿ ಕೂರುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ, ಮೇಫ್ಲೈ ಮರಿ, ಕ್ಯಾಡಿಸ್ ನೊಣದ ಮರಿ, ಕಚ್ಚದ ಸೊಳ್ಳೆಯಂಥ ಹುಳುಗಳ ಮರಿ, ಯಾವುದಾದರೂ ಆಗಬಹುದು, ಫ್ಲೂಕಿನ ಜಾತಿ ಮೇಲೆ ಹೋಗುತ್ತದೆ. ಪ್ಲಾಜಿಯಾರ್ಕಿಸ್ ಕೆಲವು ಸೊಳ್ಳೆ ಮರಿಗಳಲ್ಲೂ ಕೂರುತ್ತದೆ. ಮುಂದೆ ಆ ಕೀಟಕ್ಕೆ ರೆಕ್ಕೆ ಬರುತ್ತದೆ. ಫ್ಲೂಕ್ ಮರಿ ಅದರ ಜೊತೆಗೇ ನೀರು ಬಿಟ್ಟು ಗಾಳಿಗೆ ಏರುತ್ತದೆ. ಸಂಜೆ ಬಾವಲಿ ಗಬಕ್ಕನೆ ಹಿಡಿದು ತಿನ್ನುತ್ತದೆ. ಸುತ್ತು ಮುಗಿಯಿತು.

ನೀರಿನಲ್ಲಿ ಈಜುವ ಹುಳು ಕತ್ತಲಲ್ಲಿ ಹಾರುವ ಪ್ರಾಣಿಯ ಕರುಳು ಸೇರಲು ಎಂಥ ದಾರಿ ಹಿಡಿದಿದೆ ನೋಡಿ. ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಾರೆ.

ಬಿಸಿಲೂರು (ರಾಯಚೂರು)

ಮೇಡಂ, ಹಾಗಾದರೆ ಬಾವಲಿ ಹೊಟ್ಟೆಯಲ್ಲಿ ಆ ಹುಳು ಇದೆ ಅಂದರೆ ಅದು ನೀರಿನ ಕೀಟ ತಿಂದಿದೆ ಅಂತ ಅರ್ಥ ಅಲ್ವಾ?

ನಮ್ಮ ತಾತ ಹೇಳುತ್ತಿದ್ದದ್ದು, ಕಾಲುವೆ ಬರುವ ಮುಂಚೆ ಇಲ್ಲೆಲ್ಲಾ ಜೋಳ, ಹತ್ತಿ, ಸಜ್ಜೆ. ನೀರು ಅಂದರೆ ಹಳ್ಳ, ಕೆರೆ, ಬಾವಿ ಅಷ್ಟೇ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಆಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿವರೆಗೂ ಗದ್ದೆಯೇ ಗದ್ದೆ. ಬಸವನಹುಳು, ಸೊಳ್ಳೆ, ಏರೋಪ್ಲೇನ್ ಚಿಟ್ಟೆ ಎಲ್ಲಕ್ಕೂ ಹಬ್ಬ. ಬಾವಲಿಗೂ ಹಬ್ಬ. ಈ ಲೆಕ್ಕದಲ್ಲಿ ಹುಳುವಿಗೂ ಹಬ್ಬವೇ ಇರಬೇಕು. ಕುಷ್ಟಗಿ ಕಡೆಯ ಒಣ ಗುಡ್ಡದ ಬಾವಲಿ ಮತ್ತು ಗದ್ದೆ ಬದಿಯ ಬಾವಲಿ ಎರಡನ್ನೂ ಹೋಲಿಸಿದರೆ ಚೆನ್ನಾಗಿರುತ್ತದೆ.

ಸ್ಲೈಡುಮೇಡಂ

ಸರಿಯಾಗಿ ಹಿಡಿದಿರಿ. ಪರೋಪಜೀವಿ ನೋಡಿ ಪ್ರಾಣಿ ಎಲ್ಲಿ ಊಟ ಮಾಡಿತು ಅಂತ ಊಹಿಸುವುದು ನಮ್ಮಲ್ಲಿ ಹಳೇ ಪದ್ಧತಿ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಫ್ಲೂಕ್ ಅಪರೂಪ. ಕಾರಣ ಇಷ್ಟೇ, ಮಾವು, ಅತ್ತಿಹಣ್ಣು, ಹೂವಿನ ಮಕರಂದದಲ್ಲಿ ಫ್ಲೂಕ್ ಮರಿ ಇರುವುದಿಲ್ಲ.

ನಿಮ್ಮ ಗದ್ದೆಯ ಇನ್ನೊಂದು ಉದಾಹರಣೆ. ಭತ್ತದ ಜಿಗಿಹುಳುವನ್ನು ಬಾವಲಿ ತಿಂದರೆ ಈ ಫ್ಲೂಕ್ ಬರುವುದಿಲ್ಲ, ಯಾಕೆಂದರೆ ಜಿಗಿಹುಳುವಿನ ಮರಿ ಬೆಳೆಯುವುದು ನೀರಿನೊಳಗಲ್ಲ, ಪೈರಿನ ಬುಡದಲ್ಲಿ. ನೀರಿನಿಂದ ಎದ್ದು ಬಂದ ಹುಳು ತಿಂದರೆ ಬರಬಹುದು. ಥೈಲ್ಯಾಂಡಿನಲ್ಲಿ ಒಂದು ಜಾತಿಯ ಬಾವಲಿ ಗದ್ದೆಯ ಜಿಗಿಹುಳುಗಳನ್ನು ಭಾರಿ ಪ್ರಮಾಣದಲ್ಲಿ ತಿನ್ನುವುದನ್ನು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಹೊಗೆ ಹಾಕುವ ಮಾವನಿಗೆ ಇದನ್ನೂ ಹೇಳಿ. ಜಿಗಿಹುಳುವಿಗೆ ಅವರು ಎಷ್ಟು ಔಷಧಿ ಹೊಡೆಯುತ್ತಾರೆ ಅಂತ ಕೇಳಿ ನೋಡಿ.

ಕಲ್ಲುಮಂಟಪ (ಆನೆಗೊಂದಿ)

ಪ್ರವಾಸಿಗರಿಗೆ ಜಾಗ ತೋರಿಸುವುದು ನನ್ನ ಕೆಲಸ. ಹೊಗೆ ಹಾಕುವ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಕಲ್ಲಿನ ಚಾವಣಿಗೆ ಹಿಡಿದ ಮಸಿ ಹೋಗುವುದಿಲ್ಲ ಮಾರಾಯರೇ. ಕುರಿ ಕಾಯುವವರು ಮಳೆಗೆ ಒಳಗೆ ಸೇರಿ ಒಲೆ ಹೂಡಿ ಎಷ್ಟು ಮಂಟಪದ ಕೆತ್ತನೆ ಕರಿ ಮಾಡಿಲ್ಲ ಹೇಳಿ. ಮಂಟಪ ಸಂರಕ್ಷಿತ ಸ್ಮಾರಕ ಆಗಿದ್ದರೆ ಕೇಸ್ ಕೂಡ ಆಗುತ್ತದೆ. ಮೊದಲು ಅದು ಯಾರ ಪಟ್ಟಿಯಲ್ಲಿದೆ ಅಂತ ನೋಡಿ.

ಸಣ್ಣ ಬಾವಲಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಹಾರಲಾರದ ಮರಿ ಇರುವಾಗ ಹೊಗೆ ಹಾಕಿದರೆ ತಾಯಿ ಓಡಿಹೋಗುತ್ತದೆ, ಮರಿ ಉದುರಿ ಸಾಯುತ್ತವೆ. ಆ ನಾತ ನಿಮ್ಮ ಹೊಲದಲ್ಲೇ. ತಪ್ಪಿಸಿಕೊಂಡವು ಎಲ್ಲಿಗೆ ಹೋಗುತ್ತವೆ? ಮಾವನ ಮನೆ ಹೆಂಚಿನ ಸಂದಿಗೇ ಹೋಗಬಹುದು.

ಕಾರಟಗಿಹುಡುಗ

ಮಾವನ ಮನೆಗೇ ಹೋಗಲಿ!

ಒಂದು ಪ್ರಶ್ನೆ. ಗದ್ದೆಗೆ ಇಳಿದರೆ ಕಾಲು ತುರಿಕೆ ಬರುತ್ತದಲ್ಲ, ಕೆಂಪು ಗುಳ್ಳೆ ಏಳುತ್ತವೆ, ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಜಾಸ್ತಿ. ಮೇಡಂ ಹೇಳಿದ ಸೂಜಿ ಬಾಯಿಯ ಮರಿ ಚುಚ್ಚುವುದು ಇದೇನಾ?

ಕುರಿಡಾಕ್ಟರ್

ಒಳ್ಳೇ ಪ್ರಶ್ನೆ. ಗದ್ದೆ ತುರಿಕೆಗೆ ಗೊಬ್ಬರ, ಔಷಧಿ, ಶಿಲೀಂಧ್ರ ಹೀಗೆ ಕಾರಣ ಹಲವು. ಅದರಲ್ಲಿ ಒಂದು ಚಪ್ಪಟೆ ಹುಳುವಿನ ಮರಿ ಹೌದು, ಆದರೆ ಬಾವಲಿಯದಲ್ಲ. ಶಿಸ್ಟೊಸೋಮಾ ಅನ್ನುವ ಗುಂಪಿನದು. ದನಗಳ ರಕ್ತನಾಳದಲ್ಲಿ ಇರುವ ಹುಳು. ಅದರ ಒಂದು ಜಾತಿಯಿಂದಲೇ ಎತ್ತು, ಹಸುಗಳಿಗೆ ಗೊರಕೆ ರೋಗ ಬರುವುದು. ಮೂಗಿನೊಳಗೆ ಹೂಕೋಸಿನಂತೆ ಗಂಟು ಬೆಳೆದು ಉಸಿರಾಡುವಾಗ ಗೊರಗೊರ ಅನ್ನುತ್ತದೆ, ಹಳಬರು ನೋಡಿರುತ್ತಾರೆ. ಅದರ ಮರಿ ಬಸವನಹುಳುವಿನಿಂದ ಹೊರಬಂದು ನೇರ ಚರ್ಮ ತೂರುತ್ತದೆ. ದನದ ಚರ್ಮ ಅಂದುಕೊಂಡು ನಮ್ಮ ಕಾಲಿಗೂ ತೂರುತ್ತದೆ, ಮುಂದೆ ಹೋಗಲಾಗದೆ ಚರ್ಮದಲ್ಲೇ ಸಾಯುತ್ತದೆ. ಉಳಿಯುವುದು ತುರಿಕೆ ಮಾತ್ರ. ನೀರುಹಕ್ಕಿಗಳ ಹುಳುವೂ ಹೀಗೇ ಮಾಡುತ್ತದೆ.

ಬಾವಲಿ ಫ್ಲೂಕಿನ ಸೂಜಿ ಇರುವುದು ಕೀಟದ ಮರಿಯ ತೆಳು ಮೈಗೆ.

ಅಜ್ಜಿಮೊಮ್ಮಗ (ಕುಷ್ಟಗಿ)

ನೀರು, ಹುಳು ಅಂದ ತಕ್ಷಣ ನಮ್ಮ ಅಜ್ಜಿಯ ಕಾಲಿನ ಗಾಯದ ಗುರುತು ನೆನಪಾಯಿತು. ಅವಳಿಗೆ ನಾರುಹುಣ್ಣು ಆಗಿತ್ತಂತೆ. ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದ ಕಾಲ. ಕಾಲಿನಿಂದ ದಾರದ ಹಾಗೆ ಹೊರಬರುತ್ತಿದ್ದ ಹುಳುವನ್ನು ಕಡ್ಡಿಗೆ ದಿನಾ ಸ್ವಲ್ಪ ಸ್ವಲ್ಪ ಸುತ್ತಿ ಎಳೆಯುತ್ತಿದ್ದರಂತೆ. ಅದೂ ಚಪ್ಪಟೆ ಹುಳುವೇನಾ?

ಸ್ಲೈಡುಮೇಡಂ

ಅಲ್ಲ, ಅದು ದುಂಡು ಹುಳು, ಬೇರೆಯೇ ವಂಶ. ಆದರೆ ನೀವು ನೆನಪಿಸಿದ್ದು ಒಳ್ಳೆಯದಾಯಿತು. ಅದಕ್ಕೂ ನೀರಿನಲ್ಲಿ ಒಬ್ಬ ಮಧ್ಯವರ್ತಿ ಬೇಕಿತ್ತು, ಸೈಕ್ಲಾಪ್ಸ್ ಅನ್ನುವ ಕಣದಂಥ ಜೀವಿ. ಅದನ್ನು ನೀರಿನ ಜೊತೆ ಕುಡಿದರೆ ರೋಗ. ಬಟ್ಟೆಯಲ್ಲಿ ನೀರು ಸೋಸಿದ್ದು, ಮೆಟ್ಟಿಲು ಬಾವಿ ಬದಲು ಬೋರ್‌ವೆಲ್ ಕೊಟ್ಟದ್ದು, ಅಷ್ಟಕ್ಕೇ ಅದರ ಕಥೆ ಮುಗಿಯಿತು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಅಂತ ಘೋಷಿಸಿತು. ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಕೊಂಡಿ ಕಡಿದರು, ಅಷ್ಟೇ.

ಕುರಿ ಫ್ಲೂಕಿಗೂ ಇದೇ ರೀತಿ ಯೋಚಿಸಿ. ಕೊಂಡಿ ಇರುವುದು ಬಸವನಹುಳುವಿನಲ್ಲಿ ಮತ್ತು ಹಸಿ ಹುಲ್ಲಿನಲ್ಲಿ. ಬಾವಲಿಯನ್ನು ಓಡಿಸಿದರೆ ಕುರಿಯ ಕಡೆ ಯಾವ ಕೊಂಡಿಯೂ ಕಡಿಯುವುದಿಲ್ಲ.

ಬಿಸಿಲೂರು

ಮನುಷ್ಯನಿಗೆ ಬಾವಲಿ ಫ್ಲೂಕ್ ಬಂದದ್ದು ಎಲ್ಲೂ ಇಲ್ಲವಾ? ಮಾವ ಕೇಳಿಯೇ ಕೇಳುತ್ತಾರೆ.

ಸ್ಲೈಡುಮೇಡಂ

ಇದೆ, ಮುಚ್ಚಿಡುವುದು ಬೇಡ. ಥೈಲ್ಯಾಂಡಿನ ಈಶಾನ್ಯ ಭಾಗ ಮತ್ತು ಲಾವೋಸ್‌ನಲ್ಲಿ ಇದೇ ಲೆಸಿಥೊಡೆಂಡ್ರಿಡ್ ಬಳಗದ ಎರಡು ಜಾತಿ ಜನರ ಕರುಳಿನಲ್ಲಿ ಸಿಕ್ಕಿವೆ. ಅಲ್ಲಿನವರು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ನೀರಿನಿಂದ ಹಿಡಿದು ತಿನ್ನುತ್ತಾರೆ, ಸರಿಯಾಗಿ ಬೇಯಿಸದೆಯೂ ತಿನ್ನುತ್ತಾರೆ. ಅದರಿಂದ ಬಂದದ್ದು. ಮೇಲೆ ಹೇಳಿದ ಪ್ಲಾಜಿಯಾರ್ಕಿಸ್ ಕೂಡ ದಕ್ಷಿಣ ಕೊರಿಯಾದ ಒಬ್ಬರಲ್ಲಿ ಕಂಡ ವರದಿ 2007ರಲ್ಲಿ ಬಂತು, ಆತ ಹಸಿ ಮೀನು ತಿನ್ನುವವನು. ಅಂದರೆ ಬಾವಲಿ ನೇರವಾಗಿ ಕೊಟ್ಟದ್ದಲ್ಲ. ಫ್ಲೂಕ್ ಮರಿ ಕೂತಿರುವಂಥ ಆಹಾರವನ್ನು ಇವರು ಹಸಿಯಾಗಿ ತಿಂದರು. ಇಂಥ ಫ್ಲೂಕಿಗೆ ಪ್ರಾಜಿಕ್ವಾಂಟೆಲ್ ಅನ್ನುವ ಮಾತ್ರೆ ಇದೆ.

ನಮ್ಮ ಕಡೆ ಯಾರೂ ಗದ್ದೆ ಹುಳು ಹಸಿ ತಿನ್ನುವುದಿಲ್ಲ. ಬೈಕ್ ಓಡಿಸುವಾಗ ಬಾಯಿಗೆ ಹೋದದ್ದು ಬಿಟ್ಟು.

ಗದ್ದೆಮನೆ

ಮೇಡಂ, ಹಿಕ್ಕೆ ಗೊಬ್ಬರದ ವಿಷಯ ಉಳಿಯಿತು. ಅದರಲ್ಲಿ ಮೊಟ್ಟೆ ಇರುತ್ತದೆ ಅಂದಿರಿ.

ಸ್ಲೈಡುಮೇಡಂ

ಇರಬಹುದು. ಆದರೆ ಮಂಟಪದೊಳಗೆ ಒಣಗಿ ಪುಡಿಯಾದ ಹಿಕ್ಕೆಯಲ್ಲಿ ಫ್ಲೂಕ್ ಮೊಟ್ಟೆ ಉಳಿಯುವುದಿಲ್ಲ, ಅದಕ್ಕೆ ತೇವ ಬೇಕು. ಉಳಿದರೂ ನಿಮ್ಮ ಬದನೆಗಿಡದಿಂದ ಅದಕ್ಕೆ ಮುಂದೆ ದಾರಿ ಇಲ್ಲ. ಬಸವನಹುಳು, ಕೀಟ ಎರಡೂ ದಾಟದೆ ಅದು ಯಾರನ್ನೂ ಹಿಡಿಯಲಾರದು.

ಹಿಕ್ಕೆಯಲ್ಲಿ ಹೆದರಬೇಕಾದ್ದು ಹುಳುವಿಗಲ್ಲ, ಧೂಳಿಗೆ. ಬಾವಲಿ, ಪಾರಿವಾಳದ ಹಳೇ ಹಿಕ್ಕೆಯಲ್ಲಿ ಹಿಸ್ಟೋಪ್ಲಾಸ್ಮಾ ಅನ್ನುವ ಶಿಲೀಂಧ್ರ ಬೆಳೆಯಬಹುದು. ಒಣ ಹಿಕ್ಕೆ ಗುಡಿಸಿದಾಗ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಮೊದಲು ನೀರು ಚಿಮುಕಿಸಿ, ಮೂಗಿಗೆ ಒಳ್ಳೇ ಮಾಸ್ಕ್ ಹಾಕಿ, ಆಮೇಲೆ ಗುಡಿಸಿ. ಮಕ್ಕಳನ್ನು ಆ ಕೆಲಸಕ್ಕೆ ಕಳಿಸಬೇಡಿ. ಕೆಳಗೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ. ಕಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ನಿಫಾ ಹೆಸರು ಯಾರಾದರೂ ಎತ್ತುವ ಮುಂಚೆ ಹೇಳಿಬಿಡುತ್ತೇನೆ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಬಂದದ್ದು ವೈರಸ್. ಅದರ ನಂಟು ಹಣ್ಣು ತಿನ್ನುವ ದೊಡ್ಡ ಬಾವಲಿ ಜೊತೆ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಅನ್ನುವುದು ಅದಕ್ಕೇ. ಈ ಚರ್ಚೆಗೆ ಅದನ್ನು ಸೇರಿಸಿದರೆ ಎಲ್ಲಾ ಕಲಸುಮೇಲೋಗರ ಆಗುತ್ತದೆ.

ಕಾರಟಗಿಹುಡುಗ

ಕಾಲುವೆಗೆ ಮೈಲುತುತ್ತ ಬಿಟ್ಟು ಬಸವನಹುಳುವನ್ನೇ ಮುಗಿಸಿದರೆ? ಕುರಿದೂ ಹೋಯಿತು, ದನದ್ದೂ ಹೋಯಿತು, ಬಾವಲಿದೂ ಹೋಯಿತು.

ಕುರಿಡಾಕ್ಟರ್

ಮೀನೂ ಹೋಯಿತು ಅಂತ ಸೇರಿಸಿಕೊಳ್ಳಿ. ಮೈಲುತುತ್ತಕ್ಕೆ ಬಸವನಹುಳು ಸಾಯುವುದು ನಿಜ, ಆದರೆ ಆ ನೀರನ್ನು ಕೆಳಗಿನ ಊರಿನವರು ಬಳಸುತ್ತಾರೆ, ದನ ಕುಡಿಯುತ್ತವೆ. ಮೈಲುತುತ್ತದಲ್ಲಿ ಇರುವುದು ತಾಮ್ರ, ಕುರಿಗೆ ಅದು ಜಾಸ್ತಿಯಾದರೆ ಅದೇ ವಿಷ. ಕೊಯ್ಲಾದ ಗದ್ದೆಗೆ ಬಾತುಕೋಳಿ ಹಿಂಡು ಬಿಡುವವರು ಸಿಕ್ಕರೆ ಬಿಡಿಸಿ, ಬಸವನಹುಳು ಆರಿಸಿ ತಿನ್ನುತ್ತವೆ. ಕುರಿಯನ್ನು ನೀರು ನಿಂತ ಜಾಗದಿಂದ ದೂರ ಇಡಿ. ಕುಡಿಯಲು ತೊಟ್ಟಿ ಮಾಡಿ, ಗುಂಡಿಗೆ ಇಳಿಸಬೇಡಿ. ಗದ್ದೆಯ ಹಸಿ ಹುಲ್ಲು ಕೊಯ್ದು ತಂದರೆ ಹಾಗೇ ಹಾಕಬೇಡಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ನಮ್ಮ ಬಿಸಿಲು ಒಂದಕ್ಕಾದರೂ ಉಪಯೋಗಕ್ಕೆ ಬರಲಿ.

ಗದ್ದೆಮನೆ

ಹಿಕ್ಕೆ ಪರೀಕ್ಷೆ ಆಯಿತು. ಪಶು ಆಸ್ಪತ್ರೆಯವರು ನೀರಿನಲ್ಲಿ ಕದಡಿ, ತಳಕ್ಕೆ ಇಳಿದದ್ದನ್ನು ನೋಡಿದರು. ಹಳದಿ ಬಣ್ಣದ ದೊಡ್ಡ ಮೊಟ್ಟೆ ಇವೆ, ಲಿವರ್ ಫ್ಲೂಕ್ ಅಂದರು. ನನಗೂ ತೋರಿಸಿದರು. ಅಣ್ಣನ ಮಗಳು ಜೊತೆಗೇ ಬಂದಿದ್ದಳು, ಬಾವಲಿ ಹಿಕ್ಕೆಯನ್ನೂ ಒಂದು ಪೊಟ್ಟಣ ತಂದಿದ್ದಳು. ಅದನ್ನು ಅಲ್ಲಿ ಯಾರೂ ನೋಡಲಿಲ್ಲ, ಅವಳ ಕಾಲೇಜಿಗೆ ಒಯ್ಯುತ್ತಾಳಂತೆ.

ಮಾವನಿಗೆ ಎಲ್ಲಾ ಹೇಳಿದೆ. "ಹುಳು ಬೇರೆ ಇರಬಹುದು, ನಾತ ಅಂತೂ ಅವುಗಳದ್ದೇ" ಅಂದರು. ಜಿಗಿಹುಳು ತಿನ್ನುತ್ತವೆ ಅಂದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾರೆ. ಹೊಗೆ ಮಾತು ಸದ್ಯಕ್ಕೆ ನಿಂತಿದೆ.

ಡಾಕ್ಟ್ರೇ, ಔಷಧಿ ಬರೆದುಕೊಟ್ಟಿದ್ದಾರೆ. ಊದಿಕೊಂಡ ಕುರಿಗೆ ಮಾತ್ರ ಕುಡಿಸಿದರೆ ಸಾಕಾ, ಎಲ್ಲಕ್ಕೂ ಬೇಕಾ?

ಸ್ಲೈಡುಮೇಡಂ

ಅಣ್ಣನ ಮಗಳಿಗೆ ಹೇಳಿ, ಬಾವಲಿ ಹಿಡಿಯಲು ಹೋಗುವುದು ಬೇಡ, ಅದಕ್ಕೆ ಅನುಮತಿ, ತರಬೇತಿ ಎರಡೂ ಬೇಕು. ತಾಜಾ ಹಿಕ್ಕೆ ಸಾಕು. ಸಂಜೆ ಬಾವಲಿ ಹೊರಗೆ ಹೋದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಮರುದಿನ ಬಿದ್ದದ್ದನ್ನು ಎತ್ತಲಿ, ಅದೂ ಮಾಸ್ಕ್, ಗ್ಲೌಸ್ ಹಾಕಿಕೊಂಡು. ಕುರಿ ಫ್ಲೂಕಿನ ಮೊಟ್ಟೆ ಸುಮಾರು 0.15 ಮಿ.ಮೀ. ಉದ್ದ ಇರುತ್ತದೆ. ಬಾವಲಿಯ ಲೆಸಿಥೊಡೆಂಡ್ರಿಡ್ ಮೊಟ್ಟೆ 0.02 ರಿಂದ 0.03 ಮಿ.ಮೀ. ಅಷ್ಟೇ. ಕಡಿಮೆ ವರ್ಧನೆಯಲ್ಲಿ ನೋಡಿ "ಏನೂ ಇಲ್ಲ" ಅಂತ ಬರೆದುಬಿಟ್ಟಾಳು.

ಕುರಿಡಾಕ್ಟರ್

ಎಲ್ಲಕ್ಕೂ ಬೇಕು. ಒಂದೇ ಜಾಗದಲ್ಲಿ ಮೇಯ್ದವು ತಾನೇ? ಹೊಟ್ಟೆಗೆ ಹೋದ ಮರಿ ಮೊಟ್ಟೆ ಇಡುವಷ್ಟು ಬಲಿಯಲು ಮೂರು ತಿಂಗಳ ಮೇಲೆ ಬೇಕು. ಈಗ ಹಿಕ್ಕೆಯಲ್ಲಿ ಮೊಟ್ಟೆ ಕಾಣದ ಕುರಿಯೊಳಗೂ ಎಳೆ ಹುಳು ಇರಬಹುದು. ಕೆಲವು ಔಷಧಿ ಬಲಿತ ಹುಳುವನ್ನು ಮಾತ್ರ ಕೊಲ್ಲುತ್ತವೆ, ಹಾಗಾಗಿ ಮತ್ತೊಮ್ಮೆ ಯಾವಾಗ ಕುಡಿಸಬೇಕು ಅಂತ ಬರೆದುಕೊಟ್ಟವರನ್ನೇ ಕೇಳಿ. ಪ್ರಮಾಣ ಕುರಿಯ ತೂಕದ ಮೇಲೆ, ಕಣ್ಣಂದಾಜು ಬೇಡ. ಗಬ್ಬ ಇರುವ ಕುರಿ ಇದ್ದರೆ ಮೊದಲೇ ಹೇಳಿ. ಔಷಧಿ ಕುಡಿಸಿದ ಮೇಲೆ ಇಷ್ಟು ದಿನ ಮಾಂಸಕ್ಕೆ ಕೊಡಬಾರದು ಅಂತ ಬಾಟಲಿ ಮೇಲೆ ಬರೆದಿರುತ್ತದೆ. ಹಬ್ಬಕ್ಕೆ ಮಾರುವ ಟಗರು ಇದ್ದರೆ ಆ ಲೆಕ್ಕ ಈಗಲೇ ಹಾಕಿಕೊಳ್ಳಿ.